ಎ.ಜಿ. (ಅಡ್ವೊಕೇಟ್ ಜನರಲ್) ಒಪ್ಪಿಗೆ ಯಾವಾಗ ಬೇಕು?

ಕಳೆದ ತಿಂಗಳು ನಿವೃತ್ತ ಮೇಷ್ಟ್ರೊಬ್ಬರು ನಮ್ಮ ಆಫೀಸಿಗೆ ಬಂದರು. ಕೈಯಲ್ಲಿ ಪ್ಲಾಸ್ಟಿಕ್ ಕವರು, ಅದರೊಳಗೆ ನಾಲ್ಕಾಗಿ ಮಡಿಸಿದ ಹೈಕೋರ್ಟ್ ಆದೇಶ. ಪಿಂಚಣಿ ಬಾಕಿ ಕೊಡಿ ಅಂತ ಕೋರ್ಟ್ ಹೇಳಿ ಎಂಟು ತಿಂಗಳಾಗಿದೆ. ಇಲಾಖೆ ಕದಲಿಲ್ಲ.

"ನ್ಯಾಯಾಂಗ ನಿಂದನೆ ಕೇಸ್ ಹಾಕೋಕೆ ಎ.ಜಿ. ಒಪ್ಪಿಗೆ ಬೇಕಂತೆ ಸರ್. ಅವರು ಸರ್ಕಾರದ ವಕೀಲರು ಅಲ್ವಾ? ನಮಗೆಲ್ಲಿ ಕೊಡ್ತಾರೆ?" ಅಂದರು. ಯಾರೋ ಹಾಗೆ ಹೇಳಿ ವಾಪಸ್ ಕಳಿಸಿದ್ದರಂತೆ. ಕೇಳಿ ಬೇಜಾರಾಯಿತು.

ಎ.ಜಿ. ಅಂದರೆ ಅಡ್ವೊಕೇಟ್ ಜನರಲ್, ರಾಜ್ಯದ ಅತ್ಯುನ್ನತ ಕಾನೂನು ಅಧಿಕಾರಿ. ಅವರ ಒಪ್ಪಿಗೆ ಬೇಕಾಗುವುದು ಕ್ರಿಮಿನಲ್ ನಿಂದನೆಗೆ. ಕೋರ್ಟಿನ ಘನತೆಗೆ ಧಕ್ಕೆ ತರುವ ಮಾತು, ಬರಹ ಇಂಥವು. ಖಾಸಗಿ ವ್ಯಕ್ತಿ ಹೈಕೋರ್ಟಿಗೆ ಹೋಗುವ ಮೊದಲು ಅವರ ಲಿಖಿತ ಒಪ್ಪಿಗೆ ಪಡೆಯಬೇಕು ಎನ್ನುತ್ತದೆ 1971ರ ನ್ಯಾಯಾಂಗ ನಿಂದನೆ ಕಾಯ್ದೆಯ 15ನೇ ಕಲಂ. ಸುಮ್ನೆ ಸೇಡಿಗಾಗಿ ಬರುವ ಅರ್ಜಿಗಳನ್ನು ತಡೆಯುವ ಜರಡಿ ಅದು. ಬೇಕೆಂದೇ ಆದೇಶ ಪಾಲಿಸದಿದ್ದರೆ ಅದು ಸಿವಿಲ್ ನಿಂದನೆ. ಅದಕ್ಕೆ ಯಾರ ಒಪ್ಪಿಗೆಯೂ ಬೇಡ. ಆದರೆ ಒಂದು ವರ್ಷದೊಳಗೆ ಹೋಗಬೇಕು.

ಇನ್ನು 'ಸರ್ಕಾರದ ವಕೀಲರು' ಅನ್ನುವುದು ಅರ್ಧ ಸತ್ಯ. ಸಂವಿಧಾನದ 165ನೇ ವಿಧಿಯಂತೆ ರಾಜ್ಯಪಾಲರು ನೇಮಿಸುವ ಹುದ್ದೆ ಇದು. ಹೈಕೋರ್ಟ್ ನ್ಯಾಯಮೂರ್ತಿಯಾಗುವ ಅರ್ಹತೆ ಇರಬೇಕು. ವಿಧಾನಮಂಡಲದಲ್ಲಿ ಮಾತಾಡಬಹುದು, ಮತ ಹಾಕುವಂತಿಲ್ಲ. ಊರವರ ದುಡ್ಡಲ್ಲಿ ಕಟ್ಟಿದ ಛತ್ರದಂಥ ಸಾರ್ವಜನಿಕ ಟ್ರಸ್ಟನ್ನು ಟ್ರಸ್ಟಿಗಳೇ ನುಂಗುತ್ತಿದ್ದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 92ನೇ ಕಲಂ ಪ್ರಕಾರ ಎ.ಜಿ.ಯೇ ದಾವೆ ಹೂಡಬಹುದು. ಈ ಅಧಿಕಾರ ಜನರ ಪರವಾಗಿಯೇ ಇರುವುದು.

ಸರ್ಕಾರದ ಪರ ವಾದಿಸುವುದು ಟಿವಿಯಲ್ಲಿ ಕಾಣುತ್ತದೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಕಡತದಲ್ಲಿ ಅವರು ಬರೆಯುವ ಅಭಿಪ್ರಾಯ. 'ಈ ಪ್ರಕರಣದಲ್ಲಿ ಮೇಲ್ಮನವಿಗೆ ಆಧಾರವಿಲ್ಲ' ಎಂಬ ಒಂದು ಸಾಲು ಸಾಕು, ಮೇಷ್ಟ್ರಂಥವರ ಎಷ್ಟೋ ವರ್ಷದ ಅಲೆದಾಟ ತಪ್ಪುತ್ತದೆ. ಗೆಲ್ಲಲಾಗದ ಕೇಸನ್ನು ಎಳೆಯಬೇಡಿ ಅಂತ ಸರ್ಕಾರಕ್ಕೇ ಹೇಳಬಲ್ಲವರು ಆ ಕುರ್ಚಿಯಲ್ಲಿ ಇರಬೇಕು.

ಮೇಷ್ಟ್ರು ಅಂದೇ ವಕಾಲತ್ತಿಗೆ ಸಹಿ ಹಾಕಿದರು. ಆದೇಶದ ದೃಢೀಕೃತ ನಕಲು ಇನ್ನೊಂದು ತರಲು ಹೇಳಿದ್ದೇನೆ. ಅಂದಿಗೆ ಗಡುವು ಮುಗಿಯಲು ಇನ್ನೂ ನಾಲ್ಕು ತಿಂಗಳಿತ್ತು.