ಹೆಸರು ಆಮೇಲೆ, ಮೊದಲು ರೆಜಿಮೆಂಟ್ ಹೇಳಿ

ಹಳೆಯ ಕಾಲದ ಸೈನಿಕನೊಬ್ಬನನ್ನು ದಾಖಲೆಗಳಲ್ಲಿ ಹುಡುಕಿಕೊಡಿ ಎಂದು ನನಗೆ ಬರೆಯುವವರು ಮೊದಲು ಹೆಸರು ಕೊಡುತ್ತಾರೆ. ನಾನು ಮೊದಲು ಕೇಳುವುದು ರೆಜಿಮೆಂಟ್ ಯಾವುದು ಅಂತ. ಹಲವರಿಗೆ ಇದು ಬೇಸರ. ಹೆಸರು ಹಾಕಿ ಹುಡುಕಿದರೆ ಸಿಗಬೇಕಲ್ವಾ ಅನ್ನುತ್ತಾರೆ. ತನ್ನ ದೇಶದ ಸೇನೆಯಲ್ಲೇ ಇದ್ದವನಾದರೆ ಸಿಗಲೂಬಹುದು. ಪರದೇಶದ ಸೇನೆ ಸೇರಿದವನಾದರೆ ಹೆಸರನ್ನು ನಂಬುವ ಹಾಗಿಲ್ಲ. ಜರ್ಮನ್ ಮಾತಾಡುವ ಹುಡುಗ ತನ್ನ ಹೆಸರು ಹೇಳುತ್ತಾನೆ, ಇಂಗ್ಲಿಷ್ ಗುಮಾಸ್ತ ಕಿವಿಗೆ ಬಿದ್ದ ಹಾಗೆ ಬರೆದುಕೊಳ್ಳುತ್ತಾನೆ. ಮ್ಯುಲ್ಲರ್ ಮಿಲ್ಲರ್ ಆಗುತ್ತಾನೆ, ಶ್ಮಿಟ್ ಸ್ಮಿತ್ ಆಗುತ್ತಾನೆ. ಗುಮಾಸ್ತ ಬದಲಾದರೆ ಕಾಗುಣಿತವೂ ಬದಲು.

ಆದರೆ ಅದೇ ಗುಮಾಸ್ತ ಒಂದು ವಿಷಯದಲ್ಲಿ ಬಹಳ ಹುಷಾರು. ಅದು ದುಡ್ಡು. ಇಂದು ನಾವು ಓದುವ ಸೇನಾ ಕಾಗದಗಳಲ್ಲಿ ಬಹುಪಾಲು ಸಂಬಳದ ಲೆಕ್ಕಕ್ಕಾಗಿ ಹುಟ್ಟಿದವು. ಯಾವ ಕಂಪನಿಯಲ್ಲಿ (ಅಂದರೆ ರೆಜಿಮೆಂಟಿನೊಳಗಿನ ತುಕಡಿಯಲ್ಲಿ) ಎಷ್ಟು ಜನ, ಯಾರಿಗೆ ಎಷ್ಟು ದಿನದ ಸಂಬಳ, ಯಾರು ಆಸ್ಪತ್ರೆಯಲ್ಲಿ, ಯಾರು ಓಡಿಹೋದ, ಯಾರು ಸತ್ತ. ಸತ್ತವನ ಹೆಸರಿನಲ್ಲಿ ಸಂಬಳ ಎತ್ತುವ ಕ್ಯಾಪ್ಟನ್‌ಗಳು ಎಲ್ಲ ದೇಶದಲ್ಲೂ ಇದ್ದರು. ಅವರನ್ನು ಹಿಡಿಯಲಿಕ್ಕೇ ಇಷ್ಟೊಂದು ಪಟ್ಟಿ. ಹಾಗಾಗಿ ನಾನು ಹಿಂಬಾಲಿಸುವುದು ಸಂಬಳವನ್ನು. ಸಂಬಳ ಹೋದ ದಾರಿಯಲ್ಲಿ ಸೈನಿಕ ಸಿಗುತ್ತಾನೆ.

ನಮ್ಮವರಿಗೆ ಹತ್ತಿರದ ಉದಾಹರಣೆ ಡಿ ಮ್ಯೂರಾನ್ ರೆಜಿಮೆಂಟ್. ಶ್ರೀರಂಗಪಟ್ಟಣದಲ್ಲಿ ಕಾವೇರಿ ದಡದ ಗ್ಯಾರಿಸನ್ ಸ್ಮಶಾನ ನೋಡಿದವರಿಗೆ ಈ ಹೆಸರು ಗೊತ್ತಿರುತ್ತದೆ. ಅಲ್ಲಿ ಸುಮಾರು 300 ಗೋರಿಗಳಿವೆ. ಅವುಗಳಲ್ಲಿ ಹಲವು ಈ ರೆಜಿಮೆಂಟಿನವರದ್ದು. ಕಲ್ಲಿನ ಮೇಲೆ ಹೆಸರು ಇರುವುದು ಹೆಚ್ಚಾಗಿ ಅಧಿಕಾರಿಗಳದ್ದು ಮತ್ತು ಅವರ ಮನೆಯವರದ್ದು. ಸಾಮಾನ್ಯ ಸೈನಿಕನನ್ನು ಕಲ್ಲಿನಲ್ಲಿ ಹುಡುಕಿದರೆ ಸಿಗುವುದು ಅಪರೂಪ. ಅವನಿಗೆ ಕಾಗದವೇ ಗತಿ.

ಈ ರೆಜಿಮೆಂಟಿನ ಕಥೆಯಲ್ಲೇ ಹುಡುಕುವವರಿಗೆ ಬೇಕಾದ ಪಾಠವೆಲ್ಲ ಇದೆ. ಷಾರ್ಲ್ ದಾನಿಯೆಲ್ ದ ಮ್ಯೂರಾನ್ ಎಂಬ ನ್ಯೂಶಾತೆಲ್ ಊರಿನ ಅಧಿಕಾರಿ 1781ರಲ್ಲಿ ಇದನ್ನು ಕಟ್ಟಿದ. ಕೆಲಸ ಡಚ್ ಈಸ್ಟ್ ಇಂಡಿಯಾ ಕಂಪನಿಗೆ. ನ್ಯೂಶಾತೆಲ್ ಇಂದು ಸ್ವಿಟ್ಜರ್ಲೆಂಡ್. ಆಗ ಅದರ ಒಡೆಯ ಪ್ರಷ್ಯಾದ ರಾಜ. ಅಂದರೆ ರೆಜಿಮೆಂಟಿನ ಯಜಮಾನನೇ ಯಾವ ದೇಶದವನು ಎಂಬುದಕ್ಕೆ ನೇರ ಉತ್ತರ ಇಲ್ಲ. ರೆಜಿಮೆಂಟ್ ಮೊದಲು ಆಫ್ರಿಕದ ಕೇಪ್‌ಗೆ ಹೋಯಿತು, ಅಲ್ಲಿಂದ ಸಿಲೋನಿಗೆ. 1795ರ ಹೊತ್ತಿಗೆ ಹಾಲೆಂಡ್ ಫ್ರೆಂಚರ ಕೈಗೆ ಬಿತ್ತು. ಆಗ ಬ್ರಿಟಿಷರು ಹ್ಯೂ ಕ್ಲೆಗಾರ್ನ್ ಎಂಬ ಸ್ಕಾಟಿಷ್ ಪ್ರೊಫೆಸರ್‌ನನ್ನು ನ್ಯೂಶಾತೆಲ್‌ಗೆ ಕಳಿಸಿದರು. ಇಡೀ ರೆಜಿಮೆಂಟನ್ನು ತಮ್ಮ ಕಡೆಗೆ ಮಾಡಿಕೊಳ್ಳುವ ಮಾತುಕತೆ ಅಲ್ಲೇ ನಡೆಯಿತು. ಕೊಲಂಬೊ ಕೋಟೆಯೊಳಗಿದ್ದ ಯಜಮಾನನ ತಮ್ಮನಿಗೆ ಈ ಸುದ್ದಿಯ ಪತ್ರವನ್ನು ಡಚ್ ಚೀಸ್ ಗಡ್ಡೆಯೊಳಗೆ ಅಡಗಿಸಿ ಕಳಿಸಿದರೆಂಬ ಕಥೆ ಇದೆ. ನಾಲ್ಕೇ ವರ್ಷದಲ್ಲಿ, 1799ರ ಮೇ 4ರಂದು, ಇದೇ ರೆಜಿಮೆಂಟಿನ ತುಕಡಿಗಳು ಬ್ರಿಟಿಷರ ಪರವಾಗಿ ಶ್ರೀರಂಗಪಟ್ಟಣದ ಕೋಟೆಗೋಡೆ ಒಡೆದ ಜಾಗದಲ್ಲಿ ನುಗ್ಗಿದವು. 1806ರಲ್ಲಿ ರೆಜಿಮೆಂಟ್ ಭಾರತ ಬಿಟ್ಟಿತು. ಮೆಡಿಟರೇನಿಯನ್ ಸಮುದ್ರದ ಕಾವಲು ಮಾಡಿತು. 1813ರಲ್ಲಿ ಮಾಲ್ಟಾದಿಂದ ಕೆನಡಾಕ್ಕೆ ಹೋಯಿತು. 1816ರಲ್ಲಿ ಅಲ್ಲೇ ವಿಸರ್ಜನೆ ಆಯಿತು.

ಈಗ ನೋಡಿ, ಇದರಲ್ಲಿದ್ದ ಒಬ್ಬ ಸೈನಿಕನ ಕಾಗದ ಎಲ್ಲೆಲ್ಲಿ ಇರಬಹುದು? ಯಾರು ಸಂಬಳ ಕೊಟ್ಟರೋ ಅವರ ದಫ್ತರದಲ್ಲಿ. 1795ರ ತನಕ ದುಡ್ಡು ಡಚ್ ಕಂಪನಿಯದು, ಆದ್ದರಿಂದ ಹೇಗ್ ನಗರದ ನ್ಯಾಷನಲ್ ಆರ್ಕೈವ್‌ನಲ್ಲಿರುವ ಕಂಪನಿಯ ಕಡತ. ಆಮೇಲೆ ಬ್ರಿಟಿಷರದು, ಆದ್ದರಿಂದ ಲಂಡನ್ನಿನ ಕ್ಯೂನಲ್ಲಿರುವ ನ್ಯಾಷನಲ್ ಆರ್ಕೈವ್ಸ್. ಕೊನೆಯ ವರ್ಷಗಳ ಪತ್ರವ್ಯವಹಾರ ಕೆನಡಾದ ಒಟ್ಟಾವಾದಲ್ಲೂ ಇದೆ. ಸ್ವಿಸ್ ಸೈನಿಕ ಅಂತ ಸ್ವಿಟ್ಜರ್ಲೆಂಡಿನಲ್ಲಿ ಶುರು ಮಾಡಿದವರು ಸುಮ್ನೆ ಸುತ್ತುತ್ತಾರೆ.

ಕ್ಯೂನಲ್ಲಿ ನಾನು ಮೊದಲು ತೆಗೆಯುವುದು ಡಬ್ಲ್ಯುಒ 12 ಎಂಬ ಸರಣಿ. ಡಬ್ಲ್ಯುಒ ಅಂದರೆ ವಾರ್ ಆಫೀಸ್, ಬ್ರಿಟಿಷರ ಯುದ್ಧ ಇಲಾಖೆ. ಅದು ಹಾಜರಿ ಮತ್ತು ಸಂಬಳದ ಪಟ್ಟಿಗಳ ಗುಡ್ಡ. ಬ್ರಿಟಿಷ್ ಸೇನೆಯಲ್ಲಿದ್ದ ವಿದೇಶಿ ರೆಜಿಮೆಂಟ್‌ಗಳ ಪಟ್ಟಿಗಳೂ ಅದರಲ್ಲೇ ಇವೆ. ಪಟ್ಟಿಗಳು ಸಾಮಾನ್ಯವಾಗಿ ಮೂರು ತಿಂಗಳ ಕಂತಿನಲ್ಲಿ ಇರುತ್ತವೆ. ಗೊತ್ತಿರುವ ಒಂದು ದಿನಾಂಕದಿಂದ ಶುರು ಮಾಡಿ, ಒಂದೊಂದೇ ಕಂತು ಹಿಂದಕ್ಕೆ ಮತ್ತು ಮುಂದಕ್ಕೆ ಹೋಗಬೇಕು. ಕಾಗುಣಿತ ಬದಲಾದರೂ ಕಂಪನಿ ಅದೇ, ಅಕ್ಕಪಕ್ಕದ ಹೆಸರುಗಳು ಹೆಚ್ಚುಕಡಿಮೆ ಅವೇ. ಅದರಿಂದ ನಮ್ಮವನನ್ನು ಗುರುತು ಹಿಡಿಯಬಹುದು. ಅವನು ಯಾವ ಕಂತಿನಲ್ಲಿ ಮಾಯವಾಗುತ್ತಾನೋ ಅಲ್ಲಿ ನಿಧಾನವಾಗಿ ಓದಿ. ಸತ್ತವರು, ಓಡಿಹೋದವರು, ಬಿಡುಗಡೆಯಾದವರನ್ನು ಪ್ರತ್ಯೇಕವಾಗಿ ಬರೆದಿರುತ್ತಾರೆ. ಎಷ್ಟೋ ಸಲ ಹುಟ್ಟಿದ ಊರು ಮತ್ತು ಮೊದಲಿನ ಕಸುಬು ಸಿಗುವುದು ಇಲ್ಲೇ. ಬದುಕಿದ್ದಾಗ ಬರೀ ಹೆಸರಾಗಿದ್ದವನು ಸತ್ತ ಮೇಲೆ ನೇಕಾರನಾಗುತ್ತಾನೆ, ಒಂದು ಊರಿನವನಾಗುತ್ತಾನೆ. ಕಾರಣ ಮತ್ತೆ ದುಡ್ಡೇ. ಬಾಕಿ ಸಂಬಳ ಯಾರಿಗೆ ಸೇರಬೇಕು ಎಂಬ ಪ್ರಶ್ನೆ. ಡಬ್ಲ್ಯುಒ 25ರಲ್ಲಿರುವ ಸತ್ತವರ ವರದಿಗಳಲ್ಲಿ ಕೆಲವೊಮ್ಮೆ ಅಮ್ಮನ ಅಥವಾ ಅಣ್ಣನ ಹೆಸರೂ ಇರುತ್ತದೆ.

ಬದುಕಿ ಪಿಂಚಣಿ ಪಡೆದವನಾದರೆ ಕೆಲಸ ಸುಲಭ. ಡಬ್ಲ್ಯುಒ 97ರಲ್ಲಿ ಪಿಂಚಣಿದಾರರ ಬಿಡುಗಡೆ ಪತ್ರಗಳಿವೆ. 1760ರಿಂದ 1854ರವರೆಗಿನವನ್ನು ಕ್ಯೂನ ಕ್ಯಾಟಲಾಗ್‌ನಲ್ಲಿ ಹೆಸರು, ಹುಟ್ಟಿದ ಊರು ಹಾಕಿ ಪುಕ್ಕಟೆ ಹುಡುಕಬಹುದು. ವಿದೇಶಿ ರೆಜಿಮೆಂಟ್‌ಗಳ 1816–17ರ ಬಿಡುಗಡೆ ಪತ್ರಗಳಿಗೆ ಡಬ್ಲ್ಯುಒ 122 ಅಂತ ಬೇರೆ ಸರಣಿಯೇ ಇದೆ. ಅಲ್ಲಿಗೆ ಹೋಗದೆ ವಾಪಸ್ ಬರುವವರೇ ಜಾಸ್ತಿ.

ಊರಿನ ಹೆಸರು ಸಿಕ್ಕಿದ ತಕ್ಷಣ ಜನ ಕುಣಿದಾಡುತ್ತಾರೆ. ಸ್ವಲ್ಪ ತಾಳಿ. ಆ ಊರು ಅವನು ಹುಟ್ಟಿದ್ದೇ ಇರಬೇಕೆಂದಿಲ್ಲ. ಸ್ವಿಸ್ ಜನರಲ್ಲಿ ಹುಟ್ಟಿದ ಊರಿಗಿಂತ ಮನೆತನದ ಹಕ್ಕಿನ ಊರಿಗೆ ಬೆಲೆ ಜಾಸ್ತಿ. ಇವತ್ತಿಗೂ ಅವರ ಪಾಸ್‌ಪೋರ್ಟಿನಲ್ಲಿ ಅದೇ ಇರುತ್ತದೆ. ಬೆಂಗಳೂರಿನಲ್ಲೇ ಹುಟ್ಟಿ ಬೆಳೆದವರ ಇನಿಷಿಯಲ್‌ನಲ್ಲಿ ತಾತನ ಹಳ್ಳಿ ಉಳಿದುಕೊಂಡ ಹಾಗೆ. ಆ ಹಳ್ಳಿಯ ಚರ್ಚಿನ ಪುಸ್ತಕದಲ್ಲಿ ಇವನ ಹುಟ್ಟು ಸಿಗದಿದ್ದರೆ ದಾಖಲೆ ಸುಳ್ಳು ಅಂತ ಅಲ್ಲ, ಅಪ್ಪನೋ ತಾತನೋ ಊರು ಬಿಟ್ಟಿದ್ದರು ಅಂತ ಅರ್ಥ.

ದೇಶದ ಹೆಸರಂತೂ ಇನ್ನೂ ಜಾರು. ಮೈಂಜ್ ನಗರದ ಹುಡುಗ ಜರ್ಮನ್ ಮಾತಾಡುತ್ತಾನೆ. 1798ರಿಂದ 1814ರವರೆಗೆ ಅವನ ಊರು ಮೋಂಟೊನೇರ್ ಎಂಬ ಫ್ರೆಂಚ್ ಜಿಲ್ಲೆಯಲ್ಲಿತ್ತು. ಅವನನ್ನು ಒಬ್ಬ ಗುಮಾಸ್ತ ಫ್ರೆಂಚ್ ಅಂತ ಬರೆದಿರುತ್ತಾನೆ, ಇನ್ನೊಬ್ಬ ಜರ್ಮನ್ ಅಂತ. ಇಬ್ಬರೂ ಸರಿ. ಹಾಗಾಗಿ ನಾನು ದೇಶದ ಕಾಲಮ್ ಓದುತ್ತೇನೆ, ನಂಬುವುದಿಲ್ಲ.

ಇಲ್ಲಿಯೇ ಫ್ರೆಂಚ್ ದಫ್ತರ ನೆರವಿಗೆ ಬರುತ್ತದೆ. ಮೆಡಿಟರೇನಿಯನ್ ಕಾಲದಲ್ಲಿ ಡಿ ಮ್ಯೂರಾನ್‌ನಂಥ ರೆಜಿಮೆಂಟ್‌ಗಳಿಗೆ ಸ್ವಿಸ್ ಹುಡುಗರು ಸಿಗುವುದು ಕಷ್ಟವಾಗಿತ್ತು. ನೆಪೋಲಿಯನ್ನನ ಸೇನೆಯಿಂದ ಓಡಿಬಂದವರನ್ನು, ಸೆರೆಸಿಕ್ಕವರನ್ನು ಭರ್ತಿ ಮಾಡಿಕೊಂಡರು. ಅಂದರೆ ಒಬ್ಬನೇ ಮನುಷ್ಯ ಎರಡು ವೈರಿ ಸೇನೆಗಳ ಪುಸ್ತಕದಲ್ಲಿ ಇರುತ್ತಾನೆ. ಫ್ರೆಂಚರು 1716ರಿಂದಲೇ ಪ್ರತಿ ಸೈನಿಕನ ಚಹರೆ ಪಟ್ಟಿ ಬರೆಯುತ್ತಿದ್ದರು. ಅಪ್ಪ ಅಮ್ಮನ ಹೆಸರು, ಊರು, ಎತ್ತರ, ಕಣ್ಣು, ಮೂಗು, ಸಿಡುಬಿನ ಕಲೆ. ಪ್ಯಾರಿಸ್ ಪಕ್ಕದ ವಾನ್ಸೆನ್ ಕೋಟೆಯಲ್ಲಿ ಅವು ಇವೆ. ನೆಪೋಲಿಯನ್ ಕಾಲದ ಪುಸ್ತಕಗಳ ಚಿತ್ರಗಳು ಫ್ರೆಂಚ್ ಸರ್ಕಾರದ 'ಮೆಮುವಾರ್ ದೆಸೊಮ್' ತಾಣದಲ್ಲಿ ಪುಕ್ಕಟೆ ಸಿಗುತ್ತವೆ. ಆದರೆ ರೆಜಿಮೆಂಟ್ ಗೊತ್ತಿಲ್ಲದೆ ಅಲ್ಲಿಗೆ ಹೋದರೆ ಕಣ್ಣು ನೋಯುವುದಷ್ಟೇ ಲಾಭ.

ಎರಡು ಪುಸ್ತಕದ ಚಹರೆ ಹೋಲಿಸುವಾಗ ಎತ್ತರದಲ್ಲಿ ಎಡವುತ್ತಾರೆ. ಫ್ರೆಂಚ್ ಪುಸ್ತಕದಲ್ಲಿ 5 ಅಡಿ 2 ಅಂಗುಲ, ಇಂಗ್ಲಿಷ್ ಪುಸ್ತಕದಲ್ಲಿ 5 ಅಡಿ 6 ಅಂಗುಲ. ಬೇರೆ ಬೇರೆ ಆಳು ಅಂತ ಬಿಟ್ಟುಬಿಡುತ್ತಾರೆ. ಹಳೆಯ ಫ್ರೆಂಚ್ ಅಡಿ 32.48 ಸೆಂಟಿಮೀಟರ್, ಇಂಗ್ಲಿಷ್ ಅಡಿ 30.48. ಲೆಕ್ಕ ಹಾಕಿ ನೋಡಿ. ಎರಡೂ 168 ಸೆಂಟಿಮೀಟರಿನ ಆಸುಪಾಸಿಗೇ ಬರುತ್ತವೆ. ಹೆಸರಿನ ಕಾಗುಣಿತ ಸರಿ ಇದ್ದೂ ಎತ್ತರ ಕೂಡಿಬರದವನಿಗಿಂತ, ಕಾಗುಣಿತ ಕೆಟ್ಟಿದ್ದರೂ ಎತ್ತರ, ಊರು, ಕಸುಬು ಮೂರೂ ಕೂಡಿಬಂದವನನ್ನು ನಾನು ನಂಬುತ್ತೇನೆ. ಎಳೆಯ ವಯಸ್ಸಿನಲ್ಲಿ ಸೇರಿದವನು ಆಮೇಲೆ ಒಂದೆರಡು ಅಂಗುಲ ಬೆಳೆದಿರಬಹುದು, ಅಷ್ಟು ಬಿಟ್ಟುಕೊಡಬೇಕು. ವಯಸ್ಸನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಭರ್ತಿಯಾಗಲು ಎಷ್ಟು ಬೇಕೋ ಅಷ್ಟು ಹೇಳುತ್ತಿದ್ದರು. ಫ್ರೆಂಚ್ ಪುಸ್ತಕದಲ್ಲಿ ಕ್ರಾಂತಿಯ ಪಂಚಾಂಗದ ತಾರೀಖು ಇದ್ದರೆ ಹೆದರಬೇಡಿ. 1805ರ ಕೊನೆಯವರೆಗೆ ಅದು ಚಾಲ್ತಿಯಲ್ಲಿತ್ತು, ಬದಲಾಯಿಸುವ ಕೋಷ್ಟಕಗಳು ಎಲ್ಲೆಡೆ ಸಿಗುತ್ತವೆ.

ವಿಸರ್ಜನೆಯ ನಂತರವೂ ಹುಡುಕಾಟ ನಿಲ್ಲುವುದಿಲ್ಲ. 1816ರಲ್ಲಿ ಲಾರ್ಡ್ ಸೆಲ್ಕಿರ್ಕ್ ಎಂಬವನು ನೂರರ ಆಸುಪಾಸು ಮಾಜಿ ಸೈನಿಕರನ್ನು, ಹೆಚ್ಚಿನವರು ಡಿ ಮ್ಯೂರಾನ್‌ಗಳು, ತನ್ನ ರೆಡ್ ರಿವರ್ ವಸಾಹತಿಗೆ ಕರೆದೊಯ್ದ. ಇಂದಿನ ವಿನಿಪೆಗ್ ನಗರ ಇರುವುದು ಅಲ್ಲೇ. 1826ರ ದೊಡ್ಡ ನೆರೆ ಬಂದ ಮೇಲೆ ಬಹಳಷ್ಟು ಜನ ಅಲ್ಲಿಂದಲೂ ಕಾಲ್ತೆಗೆದರು. ಅವರ ಕೊನೆಯ ಸುಳಿವು ಸೇನೆಯ ದಫ್ತರದಲ್ಲಿ ಇರುವುದಿಲ್ಲ, ವಿನಿಪೆಗ್‌ನಲ್ಲಿರುವ ಹಡ್ಸನ್ಸ್ ಬೇ ಎಂಬ ತುಪ್ಪಳ ವ್ಯಾಪಾರದ ಕಂಪನಿಯ ಕಡತಗಳಲ್ಲಿ ಹುಡುಕಬೇಕು.

ಹಣ ತೆಗೆದುಕೊಳ್ಳುವ ಮೊದಲೇ ನಾನು ಕೈಚೆಲ್ಲುವ ಕೇಸುಗಳೂ ಇವೆ. ಪ್ರಷ್ಯಾ ಸೇನೆಯ ಕಾಗದಗಳು ಪಾಟ್ಸ್‌ಡಾಮ್‌ನಲ್ಲಿದ್ದವು, 1945ರ ಏಪ್ರಿಲ್ ಬಾಂಬ್ ದಾಳಿಯಲ್ಲಿ ಬಹುಪಾಲು ಸುಟ್ಟುಹೋದವು. ಬವೇರಿಯಾ ಸೇನೆಯವು ಮ್ಯೂನಿಕ್‌ನಲ್ಲಿ ಉಳಿದಿವೆ. ಹಾಗಾಗಿ ಜರ್ಮನ್ ಸೇನೆ ಅಂತ ಹೇಳಿದರೆ ಸಾಲದು, ಯಾವ ರಾಜ್ಯದ ಸೇನೆ ಅಂತ ಹೇಳಬೇಕು.

ಕೊನೆಗೆ ನಮ್ಮ ಕಡೆಯಿಂದ ಬರುವ ಉಲ್ಟಾ ವಿಚಾರಣೆ. ಬಿಡುಗಡೆ ಪತ್ರದಲ್ಲಿ ಹುಟ್ಟಿದ ಊರು ಶ್ರೀರಂಗಪಟ್ಟಣ ಅಥವಾ ಬೆಂಗಳೂರು ಅಂತ ಇರುವ ಬ್ರಿಟಿಷ್ ಸೈನಿಕರು. ಇವರು ಹೆಚ್ಚಾಗಿ ಸೈನಿಕರ ಮಕ್ಕಳು, ಪಟಾಲಮಿನ ಲೈನುಗಳಲ್ಲೇ ಹುಟ್ಟಿ ಬೆಳೆದವರು. ಕ್ಯಾಟಲಾಗ್‌ನಲ್ಲಿ ಹುಡುಕುವಾಗ ಇಂಗ್ಲಿಷರ ಹಳೆಯ ಉಚ್ಚಾರದ 'ಸೆರಿಂಗಪಟಂ' ಹಾಕಬೇಕು, ಅದರಲ್ಲೂ ಎರಡು ಮೂರು ಕಾಗುಣಿತ. ಸಿಕ್ಕಿದರೆ ಮುಂದಿನ ಮೆಟ್ಟಿಲು ಮದ್ರಾಸ್ ಪ್ರಾಂತ್ಯದ ಚರ್ಚ್ ದಾಖಲೆಗಳ ಪ್ರತಿ. ಅದು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ ಎನ್/2 ಎಂಬ ಗುರುತಿನಡಿ ಇದೆ. ಅಲ್ಲಿ ಅಪ್ಪನ ಹೆಸರಿನ ಪಕ್ಕ ರೆಜಿಮೆಂಟ್ ಬರೆದಿದ್ದರೆ, ಅದನ್ನು ಹಿಡಿದು ಮತ್ತೆ ಡಬ್ಲ್ಯುಒ 12ರ ಸಂಬಳದ ಪಟ್ಟಿಗೆ ಹೋಗಬಹುದು. ಅಮ್ಮನದು ಬರೀ ಕ್ರೈಸ್ತ ಹೆಸರು ಇದ್ದು ಮನೆತನದ ಹೆಸರು ಇಲ್ಲದಿದ್ದರೆ ಆಕೆ ಈ ಕಡೆಯ ಹೆಂಗಸಾಗಿರುವ ಸಾಧ್ಯತೆ ಇದೆ. ಆಕೆಗೆ ಸಂಬಳ ಇರಲಿಲ್ಲ, ಹಾಗಾಗಿ ಪಟ್ಟಿಯೂ ಇಲ್ಲ.