ಒಂದು ಪ್ರಿಂಟರಿಗೆ ಎರಡು ಹೆಸರು ಬಂದ ಕಥೆ

ಕೇರಳದ ಕಾಸರಗೋಡು ಜಿಲ್ಲೆಯ ನಮ್ಮ ಬದಿಯಡ್ಕ ಕಡೆ ತುಲಾ ತಿಂಗಳ ಮಳೆ ಅಂದ್ರೆ ಗೊತ್ತಲ್ಲ, ಮಧ್ಯಾಹ್ನದವರೆಗೆ ಸುಡು ಬಿಸಿಲು, ನಾಲ್ಕು ಗಂಟೆಗೆ ಸರಿಯಾಗಿ ತಲೆ ಮೇಲೆಯೇ ಗುಡುಗು. ಗುಡುಗಿದ ಕೂಡ್ಲೆ ಟಿವಿ, ಮೋಡೆಮ್, ಪಂಪು ಎಲ್ಲದರ ಪ್ಲಗ್ ಕಿತ್ತು ಹಾಕುದು ಇಲ್ಲಿನ ಮನೆಮನೆಯ ಕ್ರಮ. ಜೆರಾಕ್ಸ್ ಅಂಗಡಿ ಇಟ್ಟ ನನ್ನ ಭಾವ ಇನ್ನೂ ಒಂದು ಹೆಜ್ಜೆ ಮುಂದೆ, ಅವ ಪ್ರಿಂಟರಿನ ಯುಎಸ್‌ಬಿ ಕೇಬಲ್ ಕೂಡ ಎಳೆದು ಬದಿಗಿಡ್ತಾನೆ. ಮರುದಿನ ಬೆಳಿಗ್ಗೆ ಫೋನ್: "ಭಾವಾ, ಪ್ರಿಂಟರಿನಲ್ಲಿ ಲೈಟ್ ಉಂಟು, ಕಂಪ್ಯೂಟರಿನಲ್ಲಿ ಆಫ್‌ಲೈನ್ ಅಂತ ಬರ್ತಾ ಉಂಟು, ಇಲ್ಲಿ ಜನ ಅರ್ಜಿ ಹಿಡ್ಕೊಂಡು ನಿಂತಿದ್ದಾರೆ, ಒಮ್ಮೆ ಬಾ ಮಾರಾಯ."

ಹೋಗಿ ನೋಡಿದ್ರೆ ವಿಂಡೋಸಿನ ಲಿಸ್ಟಿನಲ್ಲಿ ಎರಡು ಪ್ರಿಂಟರ್. ಒಂದಕ್ಕೆ ಹಳೆ ಹೆಸರು, ಇನ್ನೊಂದಕ್ಕೆ ಅದೇ ಹೆಸರಿನ ಬಾಲಕ್ಕೆ "ಕಾಪಿ 1" ಅಂತ. ಮೇಜಿನ ಮೇಲೆ ಇದ್ದದ್ದು ಒಂದೇ. ಭಾವ ಮಾಡಿದ ತಪ್ಪು ಎಂತ ಅಂದ್ರೆ ಬೆಳಿಗ್ಗೆ ಕೇಬಲ್ಲನ್ನು ನಿನ್ನೆಯ ತೂತಿಗೆ ಹಾಕದೆ ಅದರ ಪಕ್ಕದ ತೂತಿಗೆ ಹಾಕಿದ್ದು, ಅಷ್ಟೇ.

ಇದು ಯಾಕೆ ಹೀಗೆ ಆಗ್ತದೆ ಅಂತ ಗೊತ್ತಾಗ್ಬೇಕಾದ್ರೆ ಕೇಬಲ್ ಚುಚ್ಚಿದ ಆ ಅರೆಕ್ಷಣದಲ್ಲಿ ಒಳಗೆ ಏನು ಮಾತುಕತೆ ನಡೀತದೆ ಅಂತ ನೋಡ್ಬೇಕು. ಆಪರೇಟಿಂಗ್ ಸಿಸ್ಟಮ್ಮಿನ ತಿರುಳು ಅಂದ್ರೆ ಕರ್ನೆಲ್, ಹಾರ್ಡ್‌ವೇರ್ ಜೊತೆ ನೇರ ವ್ಯವಹಾರ ಎಲ್ಲ ಅದರದ್ದೇ. ಯುಎಸ್‌ಬಿ ಸಾಧನ ಚುಚ್ಚಿದ ಕೂಡ್ಲೆ ಡೇಟಾ ತಂತಿಯಲ್ಲಿ ವೋಲ್ಟೇಜ್ ಏರ್ತದೆ, ಯಾರೋ ಬಂದಿದ್ದಾರೆ ಅಂತ ಕಂಪ್ಯೂಟರಿಗೆ ಗೊತ್ತಾಗುದು ಅದರಿಂದ. ಹೊಸದಾಗಿ ಬಂದವನ ವಿಳಾಸ ಯಾವಾಗಲೂ ಸೊನ್ನೆ, ಆ ಸೊನ್ನೆಯಲ್ಲೇ ಮಾತಾಡಿಸಿ ಕರ್ನೆಲ್ ಅವನಿಗೆ 1ರಿಂದ 127ರ ಒಳಗೆ ಒಂದು ನಂಬರ್ ಕೊಡ್ತದೆ. ಆಮೇಲೆ ಕೇಳ್ತದೆ, ನೀನು ಯಾರು? ಸಾಧನ 18 ಬೈಟಿನ ಒಂದು ಚೀಟಿ ಕೊಡ್ತದೆ. ಅದರಲ್ಲಿ ಕಂಪೆನಿ ನಂಬರ್, ಮಾಡೆಲ್ ನಂಬರ್ ಇರ್ತದೆ, ಸೀರಿಯಲ್ ನಂಬರ್ ಬೇಕಾದ್ರೆ ಎಲ್ಲಿ ಸಿಗ್ತದೆ ಅಂತ ಸೂಚನೆಯೂ ಇರ್ತದೆ. ಮದರ್‌ಬೋರ್ಡಿಗೆ ಸಿಕ್ಕಿಸುವ ಪಿಸಿಐ ಕಾರ್ಡುಗಳಿಗೂ ಇಂಥದ್ದೇ ಕಂಪೆನಿ ನಂಬರ್ ಉಂಟು, ಅಲ್ಲಿ ಇಂಟೆಲ್‌ನದ್ದು 8086, ಅವರ ಹಳೇ ಪ್ರೊಸೆಸರಿನ ಹೆಸರೇ. ಇಂಥ ತಮಾಷೆ ನನಗೆ ಭಾರೀ ಇಷ್ಟ.

ಆದ್ರೆ ಈ ಚೀಟಿಯಲ್ಲಿ ಸೀರಿಯಲ್ ನಂಬರ್ ಕಡ್ಡಾಯ ಇಲ್ಲ! ಕಡಿಮೆ ಬೆಲೆಯ ಎಷ್ಟೋ ಸಾಧನಗಳಲ್ಲಿ ಅದು ಇರುದೇ ಇಲ್ಲ. ಆಗ ವಿಂಡೋಸಿಗೆ ಸಿಗುದು ಎರಡೇ ವಿಷಯ, ಇದು ಇಂಥ ಕಂಪೆನಿಯ ಇಂಥ ಮಾಡೆಲ್, ಇದು ಇಂಥ ತೂತಿನಲ್ಲಿ ಕೂತಿದೆ. ತೂತು ಬದಲಾಯ್ತಾ, ಅದೇ ಮಾಡೆಲಿನ ಇನ್ನೊಂದು ಪ್ರಿಂಟರ್ ಬಂದಿರ್ಬೇಕು ಅಂತ ಲೆಕ್ಕ ಹಾಕಿ ಹೊಸ ಹೆಸರು ಕೊಡ್ತದೆ. ಪಾಪ, ಅದು ಬೇರೆ ಎಂತ ಮಾಡ್ಲಿಕ್ಕೂ ಸಾಧ್ಯ ಇಲ್ಲ. ನಮ್ಮೂರಲ್ಲಿ ನಾರಾಯಣ ಅಂತ ಐದು ಜನ ಇದ್ರೆ ಕೆಳಗಿನಮನೆ ನಾರಾಯಣ, ತೋಟದಮೂಲೆ ನಾರಾಯಣ ಅಂತ ಮನೆ ಹಿಡಿದು ಗುರುತಿಸ್ತೇವಲ್ಲ, ಕೆಳಗಿನಮನೆಯವ ಮನೆ ಬಿಟ್ಟು ತೋಟದಮೂಲೆಗೆ ಹೋಗಿ ಕೂತ್ರೆ ಫಜೀತಿಯೇ.

ವಿಂಡೋಸಿನ ಹಾಗೇ ಇನ್ನೊಂದು ಆಪರೇಟಿಂಗ್ ಸಿಸ್ಟಮ್ ಲಿನಕ್ಸ್, ಅದರಲ್ಲಿ ಕಥೆ ಸ್ವಲ್ಪ ಬೇರೆ. ಕೇರಳದ ಸರಕಾರಿ ಶಾಲೆಗಳ ಲ್ಯಾಬಿನಲ್ಲಿ ಲಿನಕ್ಸೇ ಇರುದರಿಂದ ನಮ್ಮ ಕನ್ನಡ ಮೀಡಿಯಂ ಮಕ್ಕಳಿಗೆ ಇದು ನಮಗಿಂತ ಚೆನ್ನಾಗಿ ಗೊತ್ತು. ಲಿನಕ್ಸಿನ ಹಿರಿಯಜ್ಜ ಯುನಿಕ್ಸಿನ ಕಾಲದಿಂದ ಬಂದ ಕ್ರಮ ಏನಂದ್ರೆ ಸಾಧನವೂ ಒಂದು ಫೈಲಿನ ಹಾಗೆ ಕಾಣ್ಬೇಕು, ಡೆವ್ (/dev) ಅನ್ನುವ ಫೋಲ್ಡರಿನಲ್ಲಿ. ಮೊದಲ ಡಿಸ್ಕು ಎಸ್‌ಡಿಎ (sda), ಎರಡನೇದು ಎಸ್‌ಡಿಬಿ, ಅದರೊಳಗಿನ ಭಾಗಗಳು ಎಸ್‌ಡಿಬಿ1, ಎಸ್‌ಡಿಬಿ2 ಹೀಗೆ. ಎಸ್‌ಡಿ ಅಂದ್ರೆ ಮೂಲದಲ್ಲಿ ಸ್ಕಸಿ ಡಿಸ್ಕ್, ಸ್ಕಸಿ (SCSI) ಅಂದ್ರೆ ಕಂಪ್ಯೂಟರ್ ಡಿಸ್ಕಿನ ಜೊತೆ ಮಾತಾಡುವ ಒಂದು ಹಳೇ ಭಾಷೆ, ಪೆನ್‌ಡ್ರೈವಿಗೂ ಅದೇ ಹೆಸರು ಯಾಕೆ ಅಂದ್ರೆ ಅದು ಯುಎಸ್‌ಬಿ ತಂತಿಯೊಳಗೆ ಮಾತಾಡುದು ಸ್ಕಸಿ ಭಾಷೆಯನ್ನೇ.

ಈ ಹೆಸರುಗಳೆಲ್ಲ ನಮಗೆ ಬೇಕಾಗಿ, ಕರ್ನೆಲಿಗೆ ಮುಖ್ಯ ಎರಡು ನಂಬರ್, ಮೇಜರ್ ಮತ್ತು ಮೈನರ್. ಮೇಜರ್ ಅಂದ್ರೆ ಯಾವ ಡ್ರೈವರ್ (ಸಾಧನವನ್ನು ನಡೆಸುವ ಪ್ರೋಗ್ರಾಂ) ನೋಡಿಕೊಳ್ಬೇಕು ಅಂತ, ಮೈನರ್ ಅಂದ್ರೆ ಆ ಡ್ರೈವರಿನ ಕೈಕೆಳಗೆ ಎಷ್ಟನೆಯವ ಅಂತ. ಎಸ್‌ಡಿಎ 8:0, ಅದರ ಮೊದಲ ಭಾಗ 8:1, ಎಸ್‌ಡಿಬಿ ಸೀದಾ 8:16, ಯಾಕಂದ್ರೆ ಒಂದೊಂದು ಡಿಸ್ಕಿಗೆ 16 ನಂಬರ್ ಮೀಸಲು. ನಮ್ಮ ಪಂಚಾಯತಿನ ಮನೆ ನಂಬರ್ ನೋಡಿ, ವಾರ್ಡು ಮೊದಲು, ಓರೆ ಗೆರೆ, ಆಮೇಲೆ ಮನೆ, ಡಿಟ್ಟೋ ಅದೇ. ಮೊದಲು ಮೇಜರಿಗೆ 8 ಬಿಟ್, ಮೈನರಿಗೆ 8 ಬಿಟ್ ಇದ್ದದ್ದು, ಅಂದ್ರೆ ತಲಾ 256, ಜಾಗ ಸಾಲದೆ 2.6 ಕರ್ನೆಲಿನಲ್ಲಿ 12 ಮತ್ತು 20 ಬಿಟ್ಟಿಗೆ ಹಿಗ್ಗಿಸಿದ್ರು.

ತೊಂದರೆ ಎಲ್ಲಿ ಅಂದ್ರೆ, ಎ ಬಿ ಸಿ ಅನ್ನುದು ಬಂದ ಸರದಿ ಮಾತ್ರ. ಕರ್ನೆಲ್ ಬೇಗ ಬೂಟ್ ಆಗ್ಲಿ ಅಂತ ಎಲ್ಲ ಡಿಸ್ಕನ್ನೂ ಒಟ್ಟೊಟ್ಟಿಗೆ ವಿಚಾರಿಸ್ತದೆ, ಯಾರು ಮೊದಲು ಉತ್ತರ ಕೊಟ್ರೋ ಅವನೇ ಎ. ಇವತ್ತಿನ ಎಸ್‌ಡಿಎ ನಾಳೆ ಎಸ್‌ಡಿಬಿ ಆಗ್ಬಹುದು. ವಾರ್ಡ್ ವಿಭಜನೆ ಆದಾಗ ಮನೆ ಅಲ್ಲೇ ಇದ್ದು ನಂಬರ್ ಮಾತ್ರ ಬದಲಾಗ್ತದಲ್ಲ, ಹಾಗೆ. ನಾನು ಒಮ್ಮೆ ಪೆನ್‌ಡ್ರೈವಿಗೆ ಲಿನಕ್ಸ್ ತುಂಬಿಸ್ಲಿಕ್ಕೆ ಹೊರಟು, ನಿನ್ನೆ ಎಸ್‌ಡಿಸಿ ಇತ್ತಲ್ಲ ಅಂತ ಇವತ್ತೂ ಕಣ್ಣುಮುಚ್ಚಿ ಅದನ್ನೇ ಟೈಪ್ ಮಾಡಿ, ಮನೆಯ ಹಳೇ ಫೋಟೋ ಇದ್ದ ಡಿಸ್ಕನ್ನು ಒರೆಸಿ ಹಾಕಿದ್ದೇನೆ. ಅತ್ತಿಗೆ ಇವತ್ತಿಗೂ ಅದನ್ನು ಹೇಳ್ತಾರೆ.

ಇದಕ್ಕೆ ಮದ್ದು ಅಂತ 2003ರಲ್ಲಿ ಲಿನಕ್ಸ್ ಕರ್ನೆಲಿನ ಕೆಲಸ ಮಾಡುವ ಗ್ರೆಗ್ ಕ್ರೋವ-ಹಾರ್ಟ್‌ಮನ್ ಮುಂತಾದವರು ಯುಡೆವ್ ಅನ್ನುವ ಪ್ರೋಗ್ರಾಂ ತಂದ್ರು. ಇದು ಕರ್ನೆಲಿನ ಹೊರಗೆ ಕೂತು, ಸಾಧನ ಬಂದಾಗೆಲ್ಲ ಅದರ ಜಾತಕ ಓದಿ ಅಡ್ಡಹೆಸರು ಇಡ್ತದೆ. ಒಂದೇ ಡಿಸ್ಕಿಗೆ ಸೀರಿಯಲ್ ಹಿಡಿದು ಒಂದು, ಚುಚ್ಚಿದ ಜಾಗ ಹಿಡಿದು ಒಂದು, ಯುಯುಐಡಿ (ಫಾರ್ಮ್ಯಾಟ್ ಮಾಡುವಾಗ ಬರೆದಿಡುವ ಗುರುತಿನ ನಂಬರ್) ಹಿಡಿದು ಒಂದು, ಎಲ್ಲವೂ ಒಂದೇ ಕಡೆ ಬೆರಳು ತೋರಿಸ್ತವೆ. ಮಂಜೇಶ್ವರ ಅನ್ನಿ ಮಂಜೇಶ್ವರಂ ಅನ್ನಿ, ಇಳಿಯುವ ಸ್ಟೇಷನ್ ಒಂದೇ ತಾನೆ.

ಯುಯುಐಡಿ ಬಗ್ಗೆ ಒಂದು ಮಾತು, ಇಲ್ಲಿ ತುಂಬಾ ಜನ ಎಡವ್ತಾರೆ. ಲಿನಕ್ಸಿನ ಸ್ವಂತ ಫೈಲ್‌ಸಿಸ್ಟಮುಗಳಲ್ಲಿ ಯುಯುಐಡಿ ಸಾಮಾನ್ಯವಾಗಿ 128 ಬಿಟ್ಟಿನ ಉದ್ದದ ನಂಬರ್, ಅದು ಡಿಸ್ಕಿನದ್ದಲ್ಲ, ಡಿಸ್ಕಿನೊಳಗೆ ಫೈಲುಗಳನ್ನು ಜೋಡಿಸಿಡುವ ವ್ಯವಸ್ಥೆಯದ್ದು, ಅದನ್ನೇ ಫೈಲ್‌ಸಿಸ್ಟಮ್ ಅನ್ನುದು. ಫಾರ್ಮ್ಯಾಟ್ ಮಾಡಿದ್ರೆ ಡಿಸ್ಕು ಅದೇ, ನಂಬರ್ ಹೊಸದು. ಇಡೀ ಡಿಸ್ಕನ್ನು ಇನ್ನೊಂದಕ್ಕೆ ಬೈಟ್ ಬೈಟ್ ಕಾಪಿ ಮಾಡಿದ್ರೆ ಡಿಸ್ಕು ಎರಡು, ನಂಬರ್ ಒಂದೇ, ಎರಡನ್ನೂ ಒಟ್ಟಿಗೆ ಚುಚ್ಚಿದ್ರೆ ಕಂಪ್ಯೂಟರಿಗೆ ತಲೆಬಿಸಿ. ಮನೆಯನ್ನು ಗುರುತಿಸ್ಬೇಕಾ, ಮನೆಯಲ್ಲಿರುವವರನ್ನಾ, ಇಲ್ಲ ಸಾಮಾನನ್ನಾ ಅಂತ ಮೊದಲೇ ತೀರ್ಮಾನ ಮಾಡಿದ್ರೆ ಮಾತ್ರ ಸರಿಯಾದ ಹೆಸರು ಸಿಗುದು. ಲಿನಕ್ಸಿನಲ್ಲಿ ನೆಟ್‌ವರ್ಕ್ ಕಾರ್ಡಿಗೆ ಜಾಗ ಹಿಡಿದು ಹೆಸರಿಡುವ ಪದ್ಧತಿ 2013ರಲ್ಲಿ ಬಂತು, ಇಟಿಎಚ್0 ಹೋಗಿ ಇಎನ್‌ಪಿ3ಎಸ್0 ಆಯ್ತು, ಅಂದ್ರೆ 3 ನಂಬರಿನ ಬಸ್ಸಿನ (ಕಾರ್ಡುಗಳು ಮಾತಾಡುವ ಮದರ್‌ಬೋರ್ಡಿನ ದಾರಿ) 0 ನಂಬರಿನ ಸ್ಲಾಟಿನ ಈಥರ್ನೆಟ್, ಅಂದ್ರೆ ತಂತಿಯ ನೆಟ್‌ವರ್ಕ್. ನೋಡ್ಲಿಕ್ಕೆ ವಿಕಾರ, ಆದ್ರೆ ಕಾರ್ಡ್ ಸುಟ್ಟು ಹೋದಾಗ ಅದೇ ಜಾಗಕ್ಕೆ ಹೊಸದು ಹಾಕಿದ್ರೆ ಹೆಸರು ಹಾಗೇ ಇರ್ತದೆ.

ಇಷ್ಟೆಲ್ಲ ಆದ್ರೂ ಕೊನೆಗೆ ಕರ್ನೆಲ್ ನಂಬುದು ಸಾಧನ ತಾನೇ ಹೇಳಿದ್ದನ್ನು. 2014ರಲ್ಲಿ ಭದ್ರತೆಯ ಸಂಶೋಧಕರು ಬ್ಯಾಡ್‌ಯುಎಸ್‌ಬಿ ಅಂತ ತೋರಿಸಿದ್ದು ಇದನ್ನೇ, ಪೆನ್‌ಡ್ರೈವೊಂದು ನಾನು ಕೀಬೋರ್ಡ್ ಅಂದ್ರೆ ಕಂಪ್ಯೂಟರ್ ಹೌದಾ ಅಂತ ಅದು ಟೈಪ್ ಮಾಡಿದ್ದನ್ನೆಲ್ಲ ಕೇಳ್ತದೆ. ದಾರಿಯಲ್ಲಿ ಸಿಕ್ಕಿದ ಪೆನ್‌ಡ್ರೈವ್ ಚುಚ್ಚಬೇಡಿ ಅಂತ ಹೇಳುದು ಅದಕ್ಕೇ.

ಭಾವನ ಅಂಗಡಿಯಲ್ಲಿ ನಾನು ಹೆಚ್ಚೇನೂ ಮಾಡ್ಲಿಲ್ಲ. ಕೇಬಲ್ ಹಳೇ ತೂತಿಗೆ ಹಾಕಿದೆ, ಕಾಪಿ 1 ಅಳಿಸಿದೆ, ಅಕ್ಕನ ಕೈಯಿಂದ ನೈಲ್ ಪಾಲಿಶ್ ತರಿಸಿ ತೂತಿನ ಪಕ್ಕ ಒಂದು ಬೊಟ್ಟು, ಕೇಬಲ್ಲಿನ ತಲೆಗೊಂದು ಬೊಟ್ಟು ಇಟ್ಟೆ. ಈಗ ಗುಡುಗಿದ್ರೆ ಕಿತ್ತು, ಮರುದಿನ ಕೆಂಪಿಗೆ ಕೆಂಪು ಹಾಕ್ತಾನೆ.