ಶೇಡ್ ಕಾರ್ಡ್‌ನಲ್ಲಿ ಇಲ್ಲದ ಸಂಗತಿಗಳು

ಮೂರು ದಿನ ನಮ್ಮ ಊಟದ ಮೇಜಿನ ಮೇಲೆ ಪೇಂಟ್ ಅಂಗಡಿಯ ಶೇಡ್ ಕಾರ್ಡ್ ಬಿಚ್ಚಿಕೊಂಡೇ ಇತ್ತು. ಮಗಳಿಗೆ ಮೂರು ತುಂಬಿತ್ತು. ಹಿತ್ತಲಿನ ಕಡೆಯ ಪುಟ್ಟ ಕೋಣೆಯನ್ನು ಅವಳಿಗೆ ಬಿಟ್ಟುಕೊಡುವುದೆಂದು ಮಾತಾಗಿತ್ತು. ಅಮ್ಮನಿಗೆ ತಿಳಿನೀಲಿ, ಹೆಂಡತಿಗೆ ನಿಂಬೆ ಹಳದಿ, ಮಗಳಿಗೆ ಗುಲಾಬಿಯೇ ಆಗಬೇಕು. ನೀಲಿ ಮನಸ್ಸನ್ನು ತಣಿಸುತ್ತದೆ, ಹಳದಿ ಬುದ್ಧಿ ಚುರುಕು ಮಾಡುತ್ತದೆ ಎಂದು ಅಂಗಡಿಯವರೂ ತಮ್ಮ ಪಾಲಿನದು ಸೇರಿಸಿ ಕಳಿಸಿದ್ದರು.

ಬಣ್ಣಕ್ಕೆ ಇಂಥ ಶಕ್ತಿ ಇದೆ ಎಂಬ ನಂಬಿಕೆಯನ್ನು ಗಟ್ಟಿಯಾಗಿ ಪರೀಕ್ಷಿಸಿದ್ದೂ ಇದೆ. 1979ರಲ್ಲಿ ಅಮೆರಿಕದ ಸಿಯಾಟಲ್‌ನ ನೌಕಾಪಡೆಯ ಬಂದೀಖಾನೆಯೊಂದರಲ್ಲಿ ಕೋಣೆಗೆ ಒಂದು ಬಗೆಯ ಗುಲಾಬಿ ಬಳಿದು, ಕೈದಿಗಳು ಶಾಂತರಾದರು ಎಂದು ವರದಿ ಮಾಡಿದರು. ಆ ಬಣ್ಣಕ್ಕೆ ಬೇಕರ್-ಮಿಲ್ಲರ್ ಗುಲಾಬಿ ಎಂಬ ಹೆಸರೂ ಬಂತು. ಎಷ್ಟೋ ವರ್ಷಗಳ ನಂತರ ಸ್ವಿಟ್ಜರ್ಲೆಂಡಿನ ಸೆರೆಮನೆಯಲ್ಲಿ ಸರಿಯಾದ ಹೋಲಿಕೆ ಇಟ್ಟುಕೊಂಡು ಅದನ್ನೇ ನೋಡಿದಾಗ, ಗುಲಾಬಿ ಗೋಡೆಗೂ ಬಿಳಿ ಗೋಡೆಗೂ ಅಂಥ ವ್ಯತ್ಯಾಸ ಕಾಣಲಿಲ್ಲ. ಇದನ್ನು ಓದಿದ ಮೇಲೆ ನಾನು ಮಗಳ ಪಕ್ಷ ಸೇರಿದೆ. ಗುಲಾಬಿ ಕೇಳಿದ್ದಾಳೆ, ಗುಲಾಬಿಯೇ ಇರಲಿ.

ಬಣ್ಣ ಬಳಿಯುವ ಹಿಂದಿನ ದಿನ ಆ ಖಾಲಿ ಕೋಣೆಯ ನೆಲದ ಮೇಲೆ ಅವಳ ಪಕ್ಕದಲ್ಲಿ ಕೂತಿದ್ದೆ. ಕೂತ ಮೇಲೆ ಕಂಡದ್ದು ಬೇರೆಯೇ ಕೋಣೆ. ನನ್ನ ಕಣ್ಣಿಗೆ ಎದುರಾಗಿ ಕಿಟಕಿಯ ಕೆಳಪಟ್ಟಿ. ಮಗಳು ಎದ್ದು ಹೋಗಿ ಗ್ರಿಲ್ ಹಿಡಿದು, ಸರಳಿಗೆ ಬಾಯಿ ಆನಿಸಿ, ಬೀದಿಯ ಹಸುವನ್ನು ನೋಡತೊಡಗಿದಳು. ಮನೆ ನಲವತ್ತು ವರ್ಷ ಹಳೆಯದು. ಸರಳಿನ ಒಂದು ಕಡೆ ಬಣ್ಣ ಚಕ್ಕೆ ಎದ್ದಿತ್ತು. ಉಗುರಿನಿಂದ ಎಬ್ಬಿಸಿ ನೋಡಿದೆ: ಮೇಲೆ ಬಿಳಿ, ಅದರಡಿ ಹಸಿರು, ಅದರಡಿ ಸಾಸಿವೆ ಹಳದಿ, ತೀರಾ ತಳದಲ್ಲಿ ಕೆಂಪು. ಅಂಗೈಯಲ್ಲಿ ಆ ಚಕ್ಕೆ ಇಟ್ಟುಕೊಂಡಾಗ ಎದೆ ಧಸಕ್ಕೆಂದಿತು.

ಯಾಕೆಂದರೆ ಹಳೆಯ ಎನಾಮಲ್ ಬಣ್ಣಗಳಲ್ಲಿ ಸೀಸ ಇರುತ್ತಿತ್ತು. ಹಳದಿ, ಕಿತ್ತಳೆ, ಎಲೆಹಸಿರುಗಳ ಥಳಥಳಿಕೆ ಎಷ್ಟೋ ಸಲ ಸೀಸದ ಕ್ರೋಮೇಟ್‌ನ ಕೊಡುಗೆ. ಬೇಗ ಒಣಗಲೆಂದೂ ಸೀಸದ ಲವಣ ಬೆರೆಸುತ್ತಿದ್ದರು. ಕಬ್ಬಿಣಕ್ಕೆ ತುಕ್ಕು ಹಿಡಿಯದಿರಲೆಂದು ಮೊದಲು ಬಳಿಯುತ್ತಿದ್ದ ಕೆಂಪು ಹಲವು ಕಡೆ ಸೀಸದ ಆಕ್ಸೈಡೇ ಆಗಿತ್ತು. (ಈಗ ಅಂಗಡಿಯಲ್ಲಿ ಸಿಗುವ ರೆಡ್ ಆಕ್ಸೈಡ್ ಕಬ್ಬಿಣದ ಆಕ್ಸೈಡ್, ಅದು ಬೇರೆ.)

ಬಣ್ಣದ ಈ ಸೀಸ ಮಕ್ಕಳಿಗೆ ವಿಷವಾಗುತ್ತದೆ ಎಂಬುದು ಮೊದಲು ಹೊಳೆದದ್ದು ಆಸ್ಟ್ರೇಲಿಯಾದ ಕ್ವೀನ್ಸ್‌ಲೆಂಡಿನಲ್ಲಿ. ಅಲ್ಲಿ 1890ರ ದಶಕದಲ್ಲಿ ಮಕ್ಕಳು ಹೊಟ್ಟೆನೋವು, ಕೈಕಾಲಿನ ಸೋಲು, ಮಸುಕಾಗುವ ಕಣ್ಣು ಎಂದು ಆಸ್ಪತ್ರೆಗೆ ಬರುತ್ತಿದ್ದರು. ಸೀಸದ ವಿಷ ಎಂಬುದು ಗೊತ್ತಾಯಿತು. ಎಲ್ಲಿಂದ ಬಂತು ಎಂಬುದು ತಿಳಿಯಲಿಲ್ಲ. ನೀರನ್ನು ನೋಡಿದರು, ಪಾತ್ರೆಗಳನ್ನು ನೋಡಿದರು. 1904ರಲ್ಲಿ ಬ್ರಿಸ್ಬೇನಿನ ಕಣ್ಣಿನ ವೈದ್ಯ ಜಾನ್ ಲಾಕ್‌ಹಾರ್ಟ್ ಗಿಬ್ಸನ್ ಮನೆಗಳ ಜಗಲಿ ಕಟಕಟೆಯತ್ತ ಬೆರಳು ತೋರಿಸಿದರು. ಸುಡುಬಿಸಿಲಿಗೆ ಅಲ್ಲಿನ ಬಣ್ಣ ಪುಡಿಯಾಗುತ್ತದೆ, ಆಡುವ ಮಕ್ಕಳ ಬೆವರುಗೈಗೆ ಮೆತ್ತುತ್ತದೆ, ಉಗುರು ಕಚ್ಚುವವರ, ಬೆರಳು ಚೀಪುವವರ ಹೊಟ್ಟೆ ಸೇರುತ್ತದೆ. ಅನೇಕ ವೈದ್ಯರು ಇದನ್ನು ಒಪ್ಪಲು ವರ್ಷಗಳೇ ಹಿಡಿದವು. 1922ರಲ್ಲಿ, ಮಕ್ಕಳ ಕೈಗೆ ಎಟಕುವ ಕಡೆ ಸೀಸದ ಬಣ್ಣ ಬಳಿಯಬಾರದೆಂದು ಕ್ವೀನ್ಸ್‌ಲೆಂಡ್ ಕಾನೂನು ಮಾಡಿತು. ಮಗುವಿನ ಎತ್ತರದಲ್ಲಿ ನಿಂತು ಮನೆಯನ್ನು ನೋಡಿದ ಕಾನೂನು ಅದು, ನನಗೆ ಅದರ ಮೇಲೆ ತುಂಬ ಗೌರವ.

ಮಗುವಿನ ದೇಹಕ್ಕೆ ಸೀಸವನ್ನು ಕ್ಯಾಲ್ಸಿಯಂನಿಂದ ಬೇರ್ಪಡಿಸಿ ಗುರುತಿಸುವುದು ಕಷ್ಟ. ಬೆಳೆಯುವ ಮೂಳೆ ಕ್ಯಾಲ್ಸಿಯಂಗಾಗಿ ಹಸಿದಿರುತ್ತದೆ, ಅದೇ ದಾರಿಯಲ್ಲಿ ಸೀಸವೂ ಒಳಗೆ ನುಗ್ಗುತ್ತದೆ. ಹೊಟ್ಟೆಗೆ ಹೋದ ಸೀಸವನ್ನು ಮಕ್ಕಳು ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೆಚ್ಚು ಹೀರಿಕೊಳ್ಳುತ್ತಾರೆ. ಆಮೇಲೆ ಅದು ಮಿದುಳಿನ ನರಕೋಶಗಳ ಮಾತುಕತೆಯನ್ನೇ ಕೆಡಿಸುತ್ತದೆ. ಇಷ್ಟರ ಮಟ್ಟಿಗೆ ಇದ್ದರೆ ತೊಂದರೆಯಿಲ್ಲ ಎನ್ನಬಹುದಾದ ಮಟ್ಟವೇ ಗೊತ್ತಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮ ದೇಶದಲ್ಲಿ ಇದರ ಬಗ್ಗೆ ದಶಕಗಟ್ಟಲೆ ದನಿ ಎತ್ತಿದವರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿದ್ದ ಜೀವರಸಾಯನ ವಿಜ್ಞಾನಿ ತುಪ್ಪಿಲ್ ವೆಂಕಟೇಶ್ ಪ್ರಮುಖರು. ಕೊನೆಗೆ 2016ರಲ್ಲಿ ಕೇಂದ್ರ ಸರ್ಕಾರದ ನಿಯಮ ಬಂತು, 2017ರ ನವೆಂಬರ್‌ನಿಂದ ಜಾರಿಯಾಯಿತು: ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರುವಂತಿಲ್ಲ. ಅಂದರೆ ಒಂದು ಕಿಲೋ ಬಣ್ಣದಲ್ಲಿ ಹೆಚ್ಚೆಂದರೆ 90 ಮಿಲಿಗ್ರಾಂ. ಹೊಸ ಡಬ್ಬಿ ಕೊಳ್ಳುವಾಗ ಅದರ ಮೇಲೆ ಈ ಮಾತು ಅಚ್ಚಾಗಿದೆಯೇ ನೋಡಿದರೆ ಸಾಕು. ಹಳೆಯ ಸರಳಿನ ಮೇಲಿನ ಪದರಗಳಿಗೆ ಯಾವ ನಿಯಮವೂ ತಾಗುವುದಿಲ್ಲ.

ಮರುದಿನ ಪೇಂಟರ್ ಬಂದವರೇ ಉಪ್ಪುಕಾಗದ ಕೈಗೆತ್ತಿಕೊಂಡರು. "ಅಣ್ಣ, ಒಣಗಿದ್ದನ್ನ ಉಜ್ಜಬೇಡಿ" ಎಂದೆ. "ಉಜ್ಜದಿದ್ರೆ ಹೊಸ ಬಣ್ಣ ಹಿಡಿಯೋದು ಹೆಂಗೆ ಸಾರ್?" ಎಂದರು. ಅವರು ಹೇಳಿದ್ದೂ ಸರಿಯೇ. ಆದರೆ ಒಣದಾಗಿ ಉಜ್ಜಿದಾಗ ಏಳುವ ಪುಡಿ ಮೊದಲು ಸೇರುವುದು ಅವರದೇ ಎದೆಗೂಡನ್ನು, ಆಮೇಲೆ ನೆಲದ ಸಂದುಗಳನ್ನು. ಇಬ್ಬರೂ ಕೂತು ಮಾತಾಡಿ ದಾರಿ ಕಂಡುಕೊಂಡೆವು. ನೀರಿಗೆ ತಡೆಯುವ ಉಜ್ಜುಕಾಗದ ತಂದು, ಸರಳನ್ನು ಒದ್ದೆ ಮಾಡಿಕೊಂಡೇ ಉಜ್ಜಿದರು, ಮೂಗಿಗೆ ಒಳ್ಳೆಯ ಮಾಸ್ಕ್ ಕಟ್ಟಿದರು. ಕೆಳಗೆ ಹಾಸಿದ ಪ್ಲಾಸ್ಟಿಕ್ ಹಾಳೆಯನ್ನು ಪುಡಿಸಮೇತ ಮಡಚಿ ಕಟ್ಟಿದೆವು. ಪೊರಕೆ ಮುಟ್ಟದೆ ನೆಲವನ್ನು ಒದ್ದೆ ಬಟ್ಟೆಯಲ್ಲಿ ಮೂರು ಸಲ ಒರೆಸಿದೆವು. ಚಕ್ಕೆ ಏಳದೆ ಗಟ್ಟಿಯಾಗಿದ್ದ ಕಡೆ ಕೆದಕಲೇ ಇಲ್ಲ, ಅದರ ಮೇಲೆಯೇ ಹೊಸ ಪದರ ಬಳಿದು ಮುಚ್ಚಿದರು. ಆ ನಾಲ್ಕು ದಿನ ಮಗಳು ಅಜ್ಜಿಯೊಂದಿಗೆ ಚಿಕ್ಕಮ್ಮನ ಮನೆಯಲ್ಲಿದ್ದಳು. ಹೆಂಡತಿ ಬಾಣಂತನಕ್ಕೆ ತವರಿಗೆ ಹೋದಾಗ ಮನೆಗೆ ಬಣ್ಣ ಹೊಡೆಸುವ ಗಂಡಂದಿರು ತುಂಬ ಮಂದಿ. ಅವರಿಗೆ ನನ್ನ ವಿನಂತಿ ಇಷ್ಟೇ: ತಾಯಿ-ಮಗು ಬರುವ ಹಿಂದಿನ ವಾರಕ್ಕೆ ಉಳಿಸಿಕೊಳ್ಳದೆ ಒಂದೆರಡು ತಿಂಗಳು ಮೊದಲೇ ಮುಗಿಸಿ, ಕಿಟಕಿ ತೆರೆದಿಡಿ. ಹೊಸ ಬಣ್ಣದ ವಾಸನೆ ಎಂದರೆ ಗಾಳಿಗೆ ಹಾರುತ್ತಿರುವ ರಾಸಾಯನಿಕಗಳು. ಹೊಸ ಪ್ಲೈವುಡ್ಡಿನ ಘಾಟು ಕೂಡ ಹಾಗೆಯೇ, ಅದರ ಅಂಟಿನಿಂದ ಹೊರಡುವ ಫಾರ್ಮಾಲ್ಡಿಹೈಡ್.

ಉಗಾದಿಗೆ, ದೀಪಾವಳಿಗೆ ನಮ್ಮ ಅಜ್ಜಿಯರು ಬಳಿಸುತ್ತಿದ್ದ ಸುಣ್ಣಕ್ಕೆ ಈ ಯಾವ ತಕರಾರೂ ಇಲ್ಲ. ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಅದು ಗೋಡೆಯ ಮೇಲೆ ಮತ್ತೆ ಸುಣ್ಣಕಲ್ಲೇ ಆಗುತ್ತದೆ. ಹಸಿಯಿದ್ದಾಗಿನ ಅದರ ಕ್ಷಾರಕ್ಕೆ ಬೂಷ್ಟು ಬದುಕುವುದು ಕಷ್ಟ.

ಬಣ್ಣ ಒಣಗಿದ ಮೇಲೆ ಸಾಮಾನು ಬಂತು. ಐದು ಡ್ರಾಯರ್‌ಗಳ ಎತ್ತರದ ಪೆಟ್ಟಿಗೆಯೊಂದನ್ನು ಬಟ್ಟೆಗೆಂದು ತಂದಿದ್ದೆವು. ಮುಚ್ಚಿದ್ದಾಗ ಕಲ್ಲಿನಂತೆ ನಿಂತಿದ್ದ ಅದರ ಮೇಲಿನ ಮೂರು ಡ್ರಾಯರ್ ಒಟ್ಟಿಗೆ ಎಳೆದು, ಒಂದಕ್ಕೆ ಕೈಯೂರಿ ಸ್ವಲ್ಪ ಭಾರ ಬಿಟ್ಟೆ. ಹಿಂದಿನ ಕಾಲು ನೆಲ ಬಿಟ್ಟವು. ಡ್ರಾಯರ್ ಹೊರಬಂದಷ್ಟೂ ಪೆಟ್ಟಿಗೆಯ ಗುರುತ್ವ ಕೇಂದ್ರ ಮುಂದಕ್ಕೆ ಸರಿಯುತ್ತದೆ, ಮುಂದಿನ ಕಾಲುಗಳ ಗೆರೆ ದಾಟಿತೋ ಉರುಳುತ್ತದೆ. ಮಕ್ಕಳಿಗೆ ತೆರೆದ ಡ್ರಾಯರ್ ಎಂದರೆ ಏಣಿಯ ಮೆಟ್ಟಿಲು. ಬಡಗಿಯನ್ನು ಕರೆಸಿ ಅದೇ ದಿನ ಎಲ್ ಆಕಾರದ ಪಟ್ಟಿಗಳಿಂದ ಅದನ್ನು ಗೋಡೆಗೆ ಬಿಗಿಸಿದೆವು. ಪುಸ್ತಕದ ಶೆಲ್ಫನ್ನೂ ಬಿಗಿಸಿದೆವು.

ನನ್ನ ತಂಗಿಯ ಮನೆಯಲ್ಲಿ ಆಗಷ್ಟೇ ಮಗು ಹುಟ್ಟಿತ್ತು. ತೊಟ್ಟಿಲಿಗಿಂತ ಮೂರ್ನಾಲ್ಕು ಅಡಿ ಮೇಲೆ ತಿಳಿಬಣ್ಣದ ಮೋಡ, ಮೊಲಗಳ ಗೊಂಚಲನ್ನು ತುಂಬ ಆಸೆಯಿಂದ ಕಟ್ಟಿದ್ದರು. ಹುಟ್ಟಿದ ಮಗುವಿಗೆ ಒಂದಿಷ್ಟು ಸ್ಪಷ್ಟವಾಗಿ ಕಾಣುವುದು 20ರಿಂದ 30 ಸೆಂಟಿಮೀಟರ್ ದೂರದಲ್ಲಿ. ತಿಳಿಬಣ್ಣಗಳ ನಡುವಿನ ಭೇದವಂತೂ ತಿಂಗಳುಗಟ್ಟಲೆ ತಿಳಿಯದು. 1960ರ ದಶಕದಲ್ಲಿ ರಾಬರ್ಟ್ ಫ್ಯಾಂಟ್ಸ್ ಎಂಬ ಮನಶ್ಶಾಸ್ತ್ರಜ್ಞ, ಎಳೆಗೂಸುಗಳು ಸಾದಾ ಬಣ್ಣದ ಬಿಲ್ಲೆಗಿಂತ ಗೆರೆ, ಚುಕ್ಕಿ, ಮುಖದ ಚಿತ್ರಗಳನ್ನೇ ಹೆಚ್ಚು ಹೊತ್ತು ನೋಡುತ್ತವೆ ಎಂದು ತೋರಿಸಿದ. ಹಾಲೂಡುವ ತಾಯಿಯ ಮುಖ ಇರುವುದು ಸರಿಯಾಗಿ ಆ ಅಂತರದಲ್ಲೇ. ಕಪ್ಪು ಹುಬ್ಬು, ಕೂದಲಿನ ಅಂಚು, ಹಣೆಯ ಕುಂಕುಮ, ಇಷ್ಟೂ ಎದ್ದು ಕಾಣುವ ಚಿತ್ರ. ಕೋಣೆಯಲ್ಲಿ ಅದಕ್ಕಿಂತ ಚೆಂದದ ಅಲಂಕಾರ ಆ ಮಗುವಿಗೆ ಬೇಕಿರಲಿಲ್ಲ.

ಮುಂದೆ ಎಲ್ಲವನ್ನೂ ಬಾಯಿಗಿಡುವ ಕಾಲ ಬರುತ್ತದೆ. ಆಗ ನನಗೆ ನೆನಪಾಗುವುದು ಚನ್ನಪಟ್ಟಣ. ಅಲ್ಲಿನ ಗೊಂಬೆಗೆ ಆಲೆ ಮರ, ಬಣ್ಣಕ್ಕೆ ಅರಗು. ಲೇತಿನಲ್ಲಿ ಗಿರಗಿರ ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿ ಹಿಡಿಯುತ್ತಾರೆ. ತಿಕ್ಕಾಟದ ಬಿಸಿಗೇ ಅರಗು ಕರಗಿ ಮರದ ಮೇಲೆ ಹರಡುತ್ತದೆ, ಬೇರೆ ಬೆಂಕಿ ಬೇಡ. ಆಮೇಲೆ ತಾಳೆಗರಿ ಒತ್ತಿ ಹೊಳಪು ಕೊಡುತ್ತಾರೆ. ಅರಗು ಒಂದು ಪುಟ್ಟ ಕೀಟ ಸ್ರವಿಸುವ ಅಂಟು, ಅದಕ್ಕೆ ಅರಿಸಿನದಂಥ ಗಿಡದ ಬಣ್ಣ ಬೆರೆಸಿದ್ದರೆ ಮಗು ಚೀಪಿದರೂ ಭಯವಿಲ್ಲ. ಯಾವ ಬಣ್ಣ ಹಾಕಿದ್ದೀರಿ ಎಂದು ಕೇಳಿಯೇ ಕೊಳ್ಳಬೇಕು. ಕಲಘಟಗಿಯ ಚಿತ್ರದ ತೊಟ್ಟಿಲುಗಳಿಗೂ ಅರಗಿನದೇ ಮೆರುಗು, ಧಾರವಾಡ ಸೀಮೆಯಲ್ಲಿ ಅವು ಮೊಮ್ಮಕ್ಕಳ ಕಾಲಕ್ಕೂ ಮಾಸದೆ ಉಳಿದಿರುತ್ತವೆ.

ಓದುವ ಮೂಲೆಯ ಗೋಡೆಯನ್ನು ನಾವು ಬರಿದಾಗಿ ಬಿಟ್ಟೆವು. ಅದಕ್ಕೆ ಕಾರಣ 2014ರಲ್ಲಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಆ್ಯನಾ ಫಿಶರ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನ. 24 ಪುಟಾಣಿಗಳಿಗೆ ಕೆಲವು ಪಾಠಗಳನ್ನು ಚಾರ್ಟು, ಚಿತ್ರಗಳು ತುಂಬಿದ ಕೋಣೆಯಲ್ಲಿ, ಕೆಲವನ್ನು ಬರಿಗೋಡೆಯ ಕೋಣೆಯಲ್ಲಿ ಮಾಡಿದರು. ಚಿತ್ರ ತುಂಬಿದ ಕೋಣೆಯಲ್ಲಿ ಮಕ್ಕಳ ಗಮನ ಶೇ. 38.6ರಷ್ಟು ಹೊತ್ತು ಬೇರೆಡೆ ಇತ್ತು, ಬರಿಗೋಡೆಯ ಮುಂದೆ ಶೇ. 28.4ರಷ್ಟು. ಸರಿಯುತ್ತರಗಳು ಕ್ರಮವಾಗಿ ಶೇ. 42 ಮತ್ತು ಶೇ. 55. ಇದು ಶಾಲೆಯ ಕೋಣೆಯ ಮಾತು, ಮನೆಗೆ ಹಾಗೇ ಎತ್ತಿಡಲಾಗದು. ಅದಕ್ಕೇ ಆನೆ, ನವಿಲುಗಳ ಸ್ಟಿಕ್ಕರುಗಳೆಲ್ಲ ಆಟದ ಮೂಲೆಗೆ ಹೋದವು, ಅವಳ ಎದೆಮಟ್ಟಕ್ಕೆ ಅಂಟಿಸಿದೆವು.

ಉಳಿದದ್ದು ರಾತ್ರಿಯ ಬೆಳಕು. ಸಂಜೆಯ ನಂತರ ಮಿದುಳು ಮೆಲಟೋನಿನ್ ಎಂಬ ಹಾರ್ಮೋನ್ ಸುರಿಸಿ ಕತ್ತಲಾಯಿತೆಂದು ದೇಹಕ್ಕೆ ತಿಳಿಸುತ್ತದೆ. ಕಣ್ಣಿನ ಹಿಂಪರದೆಯಲ್ಲಿ ಚಿತ್ರ ನೋಡದೆ ಬರೀ ಬೆಳಕು ಅಳೆಯುವ ಕೋಶಗಳಿವೆ, ನೀಲಿ ಬೆಳಕಿಗೆ ಅವು ತುಂಬ ಚುರುಕು. ಕೊಲೊರಾಡೊ ವಿಶ್ವವಿದ್ಯಾಲಯದವರು 2018ರಲ್ಲಿ 3ರಿಂದ 5 ವರ್ಷದ 10 ಮಕ್ಕಳನ್ನು ಮಲಗುವ ಮುಂಚಿನ ಒಂದು ಗಂಟೆ 1000 ಲಕ್ಸ್ (ಲಕ್ಸ್ ಎಂದರೆ ಬೆಳಕಿನ ಪ್ರಖರತೆಯ ಅಳತೆ) ಬೆಳಕಿನಲ್ಲಿ ಆಡಿಸಿ ನೋಡಿದರು. ಮೆಲಟೋನಿನ್ ಸುಮಾರು ಶೇ. 88ರಷ್ಟು ಕುಸಿಯಿತು. ದೀಪ ಆರಿಸಿ 50 ನಿಮಿಷ ಕಳೆದರೂ ಹೆಚ್ಚಿನ ಮಕ್ಕಳಲ್ಲಿ ಅದು ಚೇತರಿಸಿಕೊಂಡಿರಲಿಲ್ಲ. ಮನೆಯ ಟ್ಯೂಬ್‌ಲೈಟ್ ಅಷ್ಟು ಪ್ರಖರವಲ್ಲ ಎಂದು ಸಮಾಧಾನ ಮಾಡಿಕೊಳ್ಳುವ ಹೊತ್ತಿಗೆ 2022ರಲ್ಲಿ ಅದೇ ತಂಡದ ಇನ್ನೊಂದು ಅಧ್ಯಯನ ಬಂತು: 5ರಿಂದ 40 ಲಕ್ಸ್‌ನ ಮಂದ ಬೆಳಕಿಗೂ ಸರಾಸರಿ ಶೇ. 78ರಷ್ಟು ಕುಸಿತ. ಮಕ್ಕಳ ಕಣ್ಣಿನ ಮಸೂರ ತಿಳಿಯಾಗಿರುತ್ತದೆ, ಪಾಪೆ ಅಗಲವಾಗಿರುತ್ತದೆ, ಒಳಗೆ ಬೆಳಕು ಹೆಚ್ಚು ನುಗ್ಗುತ್ತದೆ.

ಬಲ್ಬಿನ ಡಬ್ಬಿಯ ಮೇಲೆ ಬೆಳಕಿನ ಬಣ್ಣವನ್ನು ಕೆಲ್ವಿನ್ ಲೆಕ್ಕದಲ್ಲಿ ಅಚ್ಚು ಹಾಕಿರುತ್ತಾರೆ, ಅಂಕಿ ದೊಡ್ಡದಾದಷ್ಟೂ ನೀಲಿ ಹೆಚ್ಚು. ಹಾಗಾಗಿ 6500 ಕೆಲ್ವಿನ್ ಎಂದು ಅಚ್ಚಾದ ಬೆಳ್ಳನೆಯ ಬಲ್ಬ್ ತೆಗೆದು 2700ರ ಹಳದಿ ಬಲ್ಬ್ ಹಾಕಿದೆವು. ಎಂಟಕ್ಕೆ ಅದೂ ಆರುತ್ತದೆ. ಝೀರೋ ಬಲ್ಬ್ ಬೇಕೆಂದು ಹಟ ಹಿಡಿದಾಗ ಕೆಂಪು ಬಣ್ಣದ್ದನ್ನು ಮಂಚದ ಹಿಂದೆ, ನೆಲದ ಹತ್ತಿರ ಹಾಕಿದೆವು. ಆ ಕೋಶಗಳಿಗೆ ಕೆಂಪು ಅಷ್ಟಾಗಿ ತಾಗದು.

ಸೂರಿಗೆ ಮಾತ್ರ ಅವಳಪ್ಪನಾದ ನನ್ನ ಆಸೆಯಂತೆ ಕತ್ತಲಲ್ಲಿ ಹೊಳೆಯುವ ನಕ್ಷತ್ರಗಳು. ಹಳೆಯವು ಸತುವಿನ ಸಲ್ಫೈಡಿನವು, ಬೇಗ ಮಂಕಾಗುತ್ತಿದ್ದವು. 1990ರ ದಶಕದಲ್ಲಿ ಜಪಾನಿನಲ್ಲಿ ಬಂದ ಸ್ಟ್ರಾನ್ಷಿಯಂ ಅಲ್ಯೂಮಿನೇಟಿನವು ಗಂಟೆಗಟ್ಟಲೆ ಮಿನುಗುತ್ತವೆ. ದೀಪದ ಬೆಳಕಿಗೆ ಕುಪ್ಪಳಿಸಿದ ಎಲೆಕ್ಟ್ರಾನುಗಳು ಹರಳಿನೊಳಗಿನ ಸಣ್ಣ ಗುಳಿಗಳಲ್ಲಿ ಸಿಕ್ಕಿಕೊಂಡು, ಕೋಣೆಯ ಬೆಚ್ಚನೆಗೆ ಒಂದೊಂದಾಗಿ ಬಿಡಿಸಿಕೊಳ್ಳುವಾಗ ಆ ಹಸಿರು ಹೊಮ್ಮುತ್ತದೆ. ಮೊದಲಿಗೆ ಜೋರು, ಆಮೇಲೆ ಮೆಲ್ಲಮೆಲ್ಲನೆ ಕಮ್ಮಿ. ಮೊದಲ ರಾತ್ರಿ ಮಗಳು ಅಂಗಾತ ಮಲಗಿ ಬೆರಳು ಚಾಚಿ ಎಣಿಸಲು ಶುರುಮಾಡಿದಳು. ಹನ್ನೊಂದರ ಮೇಲೆ ಹದಿನಾಲ್ಕಕ್ಕೆ ಹಾರಿದಳು, ಮತ್ತೆ ಒಂಬತ್ತಕ್ಕೆ ಬಂದಳು. ಆಮೇಲೆ ಬೆರಳು ಹಾಸಿಗೆಯ ಮೇಲೆ ಇಳಿಯಿತು.